ಬಿಡಿಭಾಗಗಳ ಜಾವಾ ಕೊಳ್ಳುವ ಮುನ್ನ ಚಾಸಿಸ್ ನಂಬರನ್ನು ಉಜ್ಜಿ ನೋಡಿ

ಫ್ರೇಮು, ಬಿಚ್ಚಿಟ್ಟ ಎಂಜಿನ್ನು, ಎರಡು ಚಕ್ರ, ಗೋಣಿಚೀಲದ ತುಂಬ ಬಿಡಿಭಾಗ ಮತ್ತು ‘ಒರಿಜಿನಲ್ ಆರ್‌ಸಿ’ ಎಲ್ಲವನ್ನೂ ಒಂದೇ ಬೆಲೆಗೆ ಕೊಡುತ್ತೇವೆ ಎನ್ನುವವರಿಂದ ಹಳೆಯ ಮೋಟಾರ್‌ಸೈಕಲ್ ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಓದಿದ ಮೇಲೆಯೇ ಹಣ ಎಣಿಸಿ. ತುಮಕೂರಿನ ಹೊರವಲಯದ ಗುಜರಿ ವ್ಯಾಪಾರಿಯೊಬ್ಬರು 1968ರ ಜಾವಾ 250 ಎಂದು ಹೇಳಿ 38,000 ರೂಪಾಯಿಗೆ ಇಂಥದೇ ಒಂದು ಲಾಟನ್ನು ನನಗೆ ಮಾರಿದರು. ಓಡುವ ಜಾವಾಕ್ಕೆ ಲಕ್ಷದ ಮೇಲೆ ಕೇಳುವ ಈ ಕಾಲದಲ್ಲಿ, ಸಂಬಳದಲ್ಲಿ ಅಷ್ಟಿಷ್ಟು ಎತ್ತಿಟ್ಟು ಗಾಡಿ ಕಟ್ಟಿಸುವವರಿಗೆ ಬೇರೆ ದಾರಿ ಕಡಿಮೆ ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು.

ಮೊದಲು ಕೈಕೊಟ್ಟದ್ದು ಎಂಜಿನ್ನು. ಲೇತ್ ಕೆಲಸದವರು ಎಂಜಿನ್ನಿನ ಕೆಳಭಾಗದ ಕವಚವಾದ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನು ತೊಳೆದು ಜೋಡಿಸಿದಾಗ ಅಂಚುಗಳು ಕೂದಲೆಳೆಯಷ್ಟು ಏರುಪೇರಾಗಿದ್ದವು. ಬೋಲ್ಟುಗಳನ್ನು ಬಿಗಿದಂತೆ ಒಳಗೆ ತಿರುಗುವ ದಂಡವಾದ ಕ್ರ್ಯಾಂಕ್ ಕೈಯಲ್ಲಿ ತಿರುಗದಾಯಿತು. ಎರಡೂ ಬೇರೆ ಬೇರೆ ಎಂಜಿನ್ನುಗಳ ಹೋಳುಗಳಾಗಿದ್ದವು. ಬೇರಿಂಗ್ ಕೂರುವ ರಂಧ್ರಗಳನ್ನು ಎರಡು ಹೋಳುಗಳನ್ನೂ ಜೋಡಿಯಾಗಿಟ್ಟೇ ಕೊರೆಯುವುದರಿಂದ ಬೇರೆ ಜೋಡಿ ಸರಿಹೊಂದುವುದು ಅಪರೂಪ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನೊಳಗೇ ಒತ್ತಡಕ್ಕೆ ಸಿಗುವುದರಿಂದ, ಆ ಸಂದಿಯಲ್ಲಿ ಹೊರಗಿನ ಗಾಳಿ ಎಳೆದರೆ ಮಿಶ್ರಣ ತೆಳುವಾಗಿ, ಎಂಜಿನ್ ವಿಪರೀತ ಕಾದು, ಪಿಸ್ಟನ್ ಜಾಮ್ ಆಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಸರಿಯಾದ ಜೋಡಿಯನ್ನು ಹಳೆಯ ಎಂಜಿನ್ನುಗಳಲ್ಲೇ ಹುಡುಕಬೇಕು, ಅದಕ್ಕೆ ಕೇಳುವ ಬೆಲೆ ಇಡೀ ಬಜೆಟ್ಟನ್ನೇ ನುಂಗುತ್ತದೆ.

ಇಷ್ಟಾದರೂ ಎಂಜಿನ್ನಿನ ತೊಂದರೆಗೆ ಹಣ ಸುರಿದರೆ ಪರಿಹಾರವಿದೆ, ನಂಬರಿನದಕ್ಕೆ ಇಲ್ಲ. ಪೇಂಟ್ ಕೆಲಸದವರು ಹ್ಯಾಂಡಲ್ ಕೂರುವ ಕೊಳವೆಯ ಬಳಿ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಹಳೆಯ ಬಣ್ಣ ಒರೆಸಿದಾಗ ಅಡಿಯಿಂದ ಪುಟ್ಟಿ ಎದ್ದುಬಂತು. ಫ್ರೇಮಿನ ಮೇಲೆ ಅಚ್ಚೊತ್ತಿರುವ ಚಾಸಿಸ್ ನಂಬರಿನ 3 ಎಂಬ ಅಂಕಿಯ ಎಡಬದಿಗೆ ಪಂಚ್ ಹೊಡೆದು ಅದನ್ನು 8 ಮಾಡಲಾಗಿತ್ತು. ಹೊಸ ಗೆರೆಗಳು ಹಳೆಯವಕ್ಕಿಂತ ಆಳವಾಗಿದ್ದವು. ಆರ್‌ಸಿಯಲ್ಲಿ ಇದ್ದದ್ದು 8. ಅಂದರೆ ಕಾಗದ ಒಂದು ಗಾಡಿಯದು, ಫ್ರೇಮು ಮತ್ತೊಂದರದು. ಆ ಫ್ರೇಮು ಕಳವಿನದೋ ಗುಜರಿಗೆ ಹೋದದ್ದೋ ತಿಳಿಯುವ ಬಗೆಯಿಲ್ಲ. ವರ್ಗಾವಣೆಯ 29 ಮತ್ತು 30ನೇ ನಮೂನೆಗಳಲ್ಲಿ ಮಾಲೀಕರ ಸಹಿಯೇನೋ ಇತ್ತು, ಆದರೆ ವಿಚಾರಿಸಿದಾಗ ಅವರು ತೀರಿಕೊಂಡು ವರ್ಷಗಳೇ ಕಳೆದಿದ್ದವು. ಮಾಲೀಕರು ಗತಿಸಿದ್ದರೆ ಗಾಡಿ ಮೊದಲು 31ನೇ ನಮೂನೆಯ ಮೂಲಕ ವಾರಸುದಾರರ ಹೆಸರಿಗೆ ಬರಬೇಕು.

ಕೇಳಲು ಹೋದರೆ ವ್ಯಾಪಾರಿ ಕೊಟ್ಟ ಉತ್ತರ, “ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳಿ ಸಾರ್, ಯಾರೂ ಕೇಳಲ್ಲ.” ಇದನ್ನು ನಂಬಬೇಡಿ. 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್ ಮತ್ತು ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರದ ವಾಹನಕ್ಕೆ ಮಾತ್ರ ಆ ಅವಕಾಶವಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅದು ಸಿಕ್ಕರೂ ಪ್ರದರ್ಶನ, ರ‍್ಯಾಲಿಯಂಥ ಸಂದರ್ಭ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ.

ಆದ್ದರಿಂದ ಮುಂಗಡ ಕೊಡುವ ಮೊದಲೇ ನಂಬರಿನ ಜಾಗದ ಬಣ್ಣ ತೆಗೆಸಿ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಬಣ್ಣ ಹಾಳಾಗುತ್ತದೆ ಎಂದು ಮಾರುವವರು ತಕರಾರು ಎತ್ತಿದರೆ ಅಲ್ಲಿಂದಲೇ ಹಿಂತಿರುಗಿ. ಗೋಣಿಚೀಲದಲ್ಲಿ ಮಾರುವ ಗಾಡಿಗೆ ಬಣ್ಣದ ಚಿಂತೆ ಏಕೆ? ಎಂವೈ ಎಂದು ಶುರುವಾಗುವ ಹಳೆಯ ನೋಂದಣಿ ನಂಬರಾದರೆ ಮೊಬೈಲಿನಲ್ಲಿ ಹುಡುಕಿ ಸುಮ್ಮನಾಗದೆ, ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ನೋಂದಣಿ ಪುಸ್ತಕದ ನಕಲು, ಅಂದರೆ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ ಅರ್ಜಿ ಕೊಟ್ಟು, ಪುಸ್ತಕದಲ್ಲಿರುವ ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ಅಚ್ಚಿನೊಂದಿಗೆ ಅಂಕಿ ಅಂಕಿಯಾಗಿ ತಾಳೆ ನೋಡಿ.

ರಸೀದಿಯನ್ನೂ ಓದಿ ನೋಡಿ. ನನಗೆ ಕೊಟ್ಟ ಚೀಟಿಯಲ್ಲಿ ‘ಹಳೆ ಕಬ್ಬಿಣದ ಸಾಮಾನು’ ಎಂದಷ್ಟೇ ಬರೆದಿದ್ದು, ಜಾವಾ ಎಂಬ ಹೆಸರೂ ಯಾವ ನಂಬರೂ ಅದರಲ್ಲಿಲ್ಲ. ಹಣ ವಾಪಸ್ ಕೇಳಿದಾಗ ವ್ಯಾಪಾರಿ ತೋರಿಸಿದ್ದೂ ಅದರ ಪ್ರತಿಯನ್ನೇ. ಎರಡೂ ನಂಬರುಗಳನ್ನು ರಸೀದಿಯಲ್ಲಿ ಬರೆದು ಸಹಿ ಹಾಕದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.