ರೂಟರ್‌ಗೆ ಎರಡನೇ ಸ್ಪಿಂಡಲ್: ಎರಡು ಮಳೆಗಾಲ ದಾಟಿದ ಮೇಲೆ

ನಮ್ಮದು ನಾಲ್ಕಡಿ-ಎಂಟಡಿ ಬೆಡ್‌ನ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಷೀನ್. ಇರುವುದು ಶಿವಮೊಗ್ಗದ ಕಡೆ. ಮುಂಬಾಗಿಲು, ದೇವರಮನೆ ಬಾಗಿಲು, ಸೋಫಾ ಕಾಲು, ಇಂಥ ಕೆತ್ತನೆಯೇ ಜಾಸ್ತಿ. ಮರ ಸಾಗುವಾನಿ, ಹೊನ್ನೆ. ಈ ಮಷೀನ್‌ಗೆ ಎರಡನೇ ಸ್ಪಿಂಡಲ್ (ಕೆತ್ತುವ ಬಿಟ್ ಹಿಡಿದು ತಿರುಗಿಸುವ ಮೋಟರ್, ಹೆಡ್ ಅಂತಲೂ ಅನ್ನುತ್ತೇವೆ) ಹಾಕಿಸಿ ಎರಡು ಮಳೆಗಾಲ ದಾಟಿತು. ಹಾಕಿಸಬೇಕಾ ಬೇಡವಾ ಅಂತ ಲೆಕ್ಕ ಹಾಕುತ್ತಿರುವವರಿಗೆ ಇದು ಉಪಯೋಗಕ್ಕೆ ಬರಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪಿಂಡಲ್ ಎರಡಾದರೆ ಕೆಲಸ ಅರ್ಧ ಹೊತ್ತಿಗೆ ಮುಗಿಯುವುದಿಲ್ಲ. ಬಾಗಿಲಿಗೆ ಮೊದಲು 6 ಮಿ.ಮೀ. ಬಿಟ್‌ನಲ್ಲಿ ರಫಿಂಗ್ (ಹೆಚ್ಚಿನ ಮರ ತೆಗೆಯುವುದು), ಆಮೇಲೆ ಸಣ್ಣ ತುದಿಯ ಟೇಪರ್ ಬಿಟ್‌ನಲ್ಲಿ ಫಿನಿಶಿಂಗ್ (ಕೊನೆಯ ನಯವಾದ ಕೆತ್ತನೆ). ಗಂಟೆಗಟ್ಟಲೆ ಹಿಡಿಯುವುದು ಫಿನಿಶಿಂಗೇ, ಅದನ್ನು ಮಾಡುವುದು ಒಂದೇ ಹೆಡ್. ಉಳಿತಾಯ ಆಗುವುದು ಬಿಟ್ ಬದಲಿಸುವ ಹೊತ್ತು ಮಾತ್ರ. ಆದರೆ ಹುಡುಗ ಪಕ್ಕದಲ್ಲಿ ಪಾಲಿಶ್ ಪೇಪರ್ ಹಿಡಿದು ಕೂತಿರುವಾಗ, ರಫಿಂಗ್ ಮುಗಿಯಿತಾ ಅಂತ ಹತ್ತು ಸಲ ಎದ್ದು ಬರಬೇಕಿಲ್ಲ. ಕಾಲೆಟ್ (ಬಿಟ್ ಬಿಗಿಹಿಡಿಯುವ ಬಳೆ) ಬಿಚ್ಚಿ, ಒರೆಸಿ, ಮತ್ತೆ ಝೀರೋ (ಅಳತೆ ಶುರುವಾಗುವ ಬಿಂದು) ಹಿಡಿಯುವಾಗ ಆಗುತ್ತಿದ್ದ ಕೂದಲೆಳೆ ವ್ಯತ್ಯಾಸವೂ ಹೋಯಿತು. ನಾನು ದುಡ್ಡು ಕೊಟ್ಟಿದ್ದು ಇದಕ್ಕೆ, ಕೊಟ್ಟಿದ್ದಕ್ಕೆ ಖುಷಿಯಿದೆ.

ಹೊಸದೂ ಹಳೆಯದರ ಥರದ್ದೇ: 2.2 ಕಿಲೋವ್ಯಾಟ್, ವಾಟರ್ ಕೂಲಿಂಗ್, ಇಆರ್20 ಕಾಲೆಟ್. ಫಿನಿಶಿಂಗ್‌ಗೆ 1.5 ಕಿಲೋವ್ಯಾಟ್ ಸಾಕು ಅಂತ ಹಲವರು ಹೇಳಿದರು. ಶಕ್ತಿಯ ಮಟ್ಟಿಗೆ ಅದು ಸರಿಯೇ. ಆದರೆ ಅಂಥವುಗಳಲ್ಲಿ ಸಾಮಾನ್ಯವಾಗಿ ಬರುವುದು ಇಆರ್11 ಅನ್ನುವ ಸಣ್ಣ ಕಾಲೆಟ್, ಅದರಲ್ಲಿ 7 ಮಿ.ಮೀ. ತನಕದ ಬಿಟ್ ಮಾತ್ರ ಹಿಡಿಯುತ್ತದೆ. ನಮ್ಮ ಡಬ್ಬಿಯಲ್ಲಿ 8 ಮಿ.ಮೀ. ಶ್ಯಾಂಕ್‌ನವೇ (ಶ್ಯಾಂಕ್ ಅಂದರೆ ಬಿಟ್‌ನ ಹಿಡಿ) ಅರ್ಧಕ್ಕೂ ಹೆಚ್ಚು. ಎರಡೂ ಒಂದೇ ಥರ ಇದ್ದರೆ ಸ್ಪ್ಯಾನರ್ ಒಂದೇ, ಕಾಲೆಟ್ ಸೆಟ್ ಒಂದೇ.

ಹಾಕಿಸುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ನಮ್ಮ ಎರಡು ಹೆಡ್‌ಗಳ ನಡುವೆ 200 ಮಿ.ಮೀ. ಅಂತರ. ಅಷ್ಟು ಜಾಗಕ್ಕೆ ಎರಡರಲ್ಲಿ ಒಂದು ಹೆಡ್ ಮುಟ್ಟುವುದಿಲ್ಲ. 1300 ಮಿ.ಮೀ. ಅಡ್ಡ ಓಟದಲ್ಲಿ ಎರಡೂ ಮುಟ್ಟುವುದು 1100 ಮಾತ್ರ. ಮೂರೂವರೆ ಅಡಿ ಬಾಗಿಲು ಅಂದರೆ 1067, ಹಾಗಾಗಿ ಹಿಡಿಯುತ್ತದೆ, ಆದರೆ ಇಕ್ಕಟ್ಟಾಗಿ. ಕಂಟ್ರೋಲರ್ ಕೂಡ ನೋಡಿಕೊಳ್ಳಿ. ಮೂರೇ ಆಕ್ಸಿಸ್ ಇದ್ದರೆ ಎರಡನೇ ಝಡ್ (ಹೆಡ್ ಏರಿಸಿ ಇಳಿಸುವ) ಮೋಟರ್‌ಗೆ ಸಿಗ್ನಲ್ ಎಲ್ಲಿಂದ ಬರಬೇಕು? ಗ್ಯಾಂಟ್ರಿ (ಹೆಡ್‌ಗಳನ್ನು ಹೊತ್ತ ಅಡ್ಡ ತೊಲೆ) ಮೇಲೆ ತೂಕ ಏರಿದ್ದರಿಂದ ಅಡ್ಡ ಓಟದ ಆಕ್ಸಿಲರೇಶನ್ ಸ್ವಲ್ಪ ಇಳಿಸಿದ್ದೇವೆ.

ವಿಎಫ್‌ಡಿ (ಸ್ಪಿಂಡಲ್‌ಗೆ ಕರೆಂಟ್ ಕೊಟ್ಟು ವೇಗ ಹಿಡಿತದಲ್ಲಿಡುವ ಡ್ರೈವ್) ಒಂದೊಂದಕ್ಕೆ ಒಂದೊಂದು ಬೇಕು. ಒಂದರಲ್ಲೇ ಎರಡನ್ನೂ ಓಡಿಸಿದರೆ ಸುಮ್ನೆ ಇರುವ ಹೆಡ್‌ನ ಬೇರಿಂಗೂ ದಿನವಿಡೀ ಸವೆಯುತ್ತದೆ, ವೇಗವೂ ಬೇರೆ ಬೇರೆ ಇಡಲಾಗದು. ಹೊಸ ವಿಎಫ್‌ಡಿಗೆ ಕರೆಂಟ್ ಕೊಟ್ಟ ತಕ್ಷಣ ರನ್ ಒತ್ತಬೇಡಿ. ಹೆಚ್ಚಿನವುಗಳಲ್ಲಿ ಬೇಸ್ ಫ್ರೀಕ್ವೆನ್ಸಿ (ಪೂರ್ತಿ ವೋಲ್ಟೇಜ್ ಕೊಡುವ ಫ್ರೀಕ್ವೆನ್ಸಿ) 50 ಹರ್ಟ್ಸ್ ಅಂತ ಬಂದಿರುತ್ತದೆ. ಈ ಸ್ಪಿಂಡಲ್ 24,000 ಆರ್‌ಪಿಎಂ ತಿರುಗುವುದು 400 ಹರ್ಟ್ಸ್‌ನಲ್ಲಿ. 50ರಲ್ಲೇ ಬಿಟ್ಟರೆ, 50 ಹರ್ಟ್ಸ್‌ನ ವೇಗಕ್ಕೆ 27 ವೋಲ್ಟ್ ಸಾಕಾಗುವ ಕಡೆ 220 ವೋಲ್ಟ್ ಪೂರ್ತಿ ನುಗ್ಗುತ್ತದೆ, ವೈಂಡಿಂಗ್ ಸುಟ್ಟುಹೋಗುತ್ತದೆ. ಥ್ರೀ ಫೇಸ್ ಇರುವವರು ಎರಡು ಸಿಂಗಲ್ ಫೇಸ್ ವಿಎಫ್‌ಡಿಗಳನ್ನು ಬೇರೆ ಬೇರೆ ಫೇಸ್‌ಗೆ ಕೊಡಿ. ಸ್ಪಿಂಡಲ್‌ಗೆ ಶೀಲ್ಡೆಡ್ ಕೇಬಲ್ಲೇ ಎಳೆಸಿ, ಅರ್ತಿಂಗ್ ಗಟ್ಟಿ ಇರಲಿ. ಇಲ್ಲದಿದ್ದರೆ ಓಟದ ಕೊನೆ ತಿಳಿಸುವ ಲಿಮಿಟ್ ಸ್ವಿಚ್ ಸುಳ್ಳುಸುಳ್ಳೇ ಟ್ರಿಪ್ ಆಗಿ ತಲೆ ತಿನ್ನುತ್ತದೆ.

ನಿಜವಾದ ಕೆಲಸ ಇರುವುದು ಆಫ್‌ಸೆಟ್‌ನಲ್ಲಿ, ಅಂದರೆ ಎರಡು ಹೆಡ್‌ಗಳ ನಡುವಿನ ನಿಖರ ಅಂತರದಲ್ಲಿ. ಮೊದಲನೇ ಹೆಡ್ ಬಿಟ್ಟ ಜಾಗಕ್ಕೇ ಎರಡನೆಯದು ಬಂದು ಇಳಿಯಬೇಕು, ಅಲ್ವಾ? ಟೇಪ್‌ನಲ್ಲಿ ಅಳೆದ 200 ಅದಕ್ಕೆ ಸಾಲದು. ನಾನು ಮಾಡುವುದು ಹೀಗೆ. ಒಂದು ಎಂಡಿಎಫ್ ತುಂಡಿನಲ್ಲಿ ಮೊದಲ ಹೆಡ್‌ನಿಂದ 100 ಮಿ.ಮೀ. ಚೌಕದ ಹೊರ ಅಂಚು ಕತ್ತರಿಸುತ್ತೇನೆ. ಅದರ ಒಳಗೆ ಎರಡನೇ ಹೆಡ್‌ನಿಂದ 80 ಮಿ.ಮೀ. ಚೌಕದ ಗುಂಡಿ. ಸುತ್ತ 10 ಮಿ.ಮೀ. ಗೋಡೆ ಉಳಿಯಬೇಕು. ವರ್ನಿಯರ್ ಇಟ್ಟಾಗ ಎಡಗೋಡೆ 10.3, ಬಲಗೋಡೆ 9.7 ಬಂತು ಅನ್ನಿ. ವ್ಯತ್ಯಾಸ 0.6, ಅದರ ಅರ್ಧ 0.3. ಎರಡನೇ ಹೆಡ್ ಅಷ್ಟು ಬಲಕ್ಕಿದೆ ಅಂತ ಅರ್ಥ. ಬಿಟ್ ಸ್ವಲ್ಪ ಸವೆದಿದ್ದರೂ ಈ ಲೆಕ್ಕ ತಪ್ಪುವುದಿಲ್ಲ, ಯಾಕೆಂದರೆ ಎರಡೂ ಗೋಡೆ ಒಂದೇ ಸಮ ದಪ್ಪವಾಗುತ್ತವೆ. ಮುಂದೆ-ಹಿಂದೆಯೂ ಹೀಗೇ ನೋಡಿ. ನಮ್ಮ ಕಂಟ್ರೋಲರ್‌ನಲ್ಲಿ ಮೊದಲ ಹೆಡ್‌ನ ಝೀರೋ ಇಡುವ ಕೋಡ್ ಜಿ54, ಎರಡನೆಯದರದ್ದು ಜಿ55. ತಿದ್ದುವುದು ಜಿ55ನ್ನು ಮಾತ್ರ.

ಇದನ್ನೇ ಇನ್ನೊಂದು ಸಲ, ಬೆಡ್ ಮೇಲೆ ದಪ್ಪ ಮರದ ದಿಮ್ಮಿ ಇಟ್ಟು, ಎತ್ತರದಲ್ಲಿ ಮಾಡಿ. ಕೆಳಗೆ ಒಂದು ಅಳತೆ, ಮೇಲೆ ಇನ್ನೊಂದು ಬಂದರೆ ಎರಡು ಝಡ್‌ಗಳು ಒಂದಕ್ಕೊಂದು ನೇರ ಇಲ್ಲ. ಅಂಥದ್ದನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಲಾಗದು, ಸ್ಪಿಂಡಲ್ ಕೂರಿಸಿದ ಪ್ಲೇಟ್ ಹಿಂದೆ ಶಿಮ್ (ತೆಳು ತಗಡು) ಇಟ್ಟೇ ಸರಿಮಾಡಬೇಕು. ಕಾಲೆಟ್‌ಗೆ ಕಂಬಿ ಕಟ್ಟಿ, ಅದಕ್ಕೆ ಡಯಲ್ ಗೇಜ್ ಹಾಕಿ, ಬೆಡ್ ಮೇಲೆ ಕೈಯಲ್ಲಿ ತಿರುಗಿಸಿ ಸ್ಪಿಂಡಲ್ ವಾಲಿದೆಯಾ ಅಂತಲೂ ನೋಡಿ. ವಾಲಿದ್ದರೆ ಚಪ್ಪಟೆ ಬಿಟ್ ಓಡಿದ ಕಡೆಯೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಾಣುತ್ತದೆ.

ಒಂದು ಸಮಾಧಾನ ಇದೆ. ಕರೆಂಟ್ ಹೋಗಿ ಬಂದು ಮತ್ತೆ ಹೋಮಿಂಗ್ (ಮಷೀನ್ ತನ್ನ ಶುರುವಿನ ಜಾಗ ಹುಡುಕುವುದು) ಮಾಡಿದರೂ ಈ ಅಳತೆ ಕೆಡುವುದಿಲ್ಲ. ಎರಡೂ ಹೆಡ್ ಒಂದೇ ಗ್ಯಾಂಟ್ರಿ ಮೇಲೆ ಬೋಲ್ಟ್ ಆಗಿವೆ, ಸರಿದರೂ ಜೊತೆಗೇ ಸರಿಯುತ್ತವೆ. ಕೆಡುವುದು ಹೆಡ್ ಎಲ್ಲಾದರೂ ಕ್ಲಾಂಪ್‌ಗೆ ಬಡಿದಾಗ. ಅದಕ್ಕೇ ಒಂದು ಹೆಡ್ ಇಳಿಯುವ ಮುಂಚೆ ಇನ್ನೊಂದು ಪೂರ್ತಿ ಮೇಲೇರುವ ಹಾಗೆ ಪೋಸ್ಟ್ ಪ್ರೊಸೆಸರ್‌ನಲ್ಲೇ (ಡಿಸೈನನ್ನು ಮಷೀನ್ ಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್) ಬರೆಸಿದ್ದೇವೆ.

ಸ್ಪಿಂಡಲ್ ತಣಿಸುವ ನೀರಿಗೆ ಪಂಪ್ ಬೇರೆ ಬೇರೆ ಇಡಿ. ಒಂದೇ ಪೈಪಿನಲ್ಲಿ ಸಾಲಾಗಿ ಹರಿಸಿದರೆ ಮೊದಲನೆಯದರ ಬಿಸಿನೀರು ಎರಡನೆಯದಕ್ಕೆ ಹೋಗುತ್ತದೆ. ಬೋರ್‌ವೆಲ್ ನೀರು ಮಾತ್ರ ಬೇಡವೇ ಬೇಡ. ಒಳಗೆ ಉಪ್ಪು ಕಟ್ಟಿ ದಾರಿ ಮುಚ್ಚಿಹೋಗುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಕೂಲಂಟ್ ಸೇರಿಸಿದರೆ ಪಾಚಿಯೂ ಕಟ್ಟುವುದಿಲ್ಲ.

ಎರಡೂ ಹೆಡ್ ಒಟ್ಟಿಗೆ ಓಡಿಸಿ ಜೋಡಿ ತುಂಡು ತೆಗೆಯುವುದು ಸೋಫಾ ಕಾಲಿಗೆ ಚೆನ್ನಾಗಿ ಒದಗಿದೆ. ಆದರೆ ಎರಡು ಮರವೂ ಒಂದೇ ದಪ್ಪಕ್ಕೆ ಪ್ಲೇನಿಂಗ್ ಆಗಿರಬೇಕು. ಮಳೆಗಾಲದಲ್ಲಿ ಹಿಂದಿನ ದಿನ ಪ್ಲೇನ್ ಮಾಡಿಟ್ಟ ಮರ ಬೆಳಿಗ್ಗೆ ಸ್ವಲ್ಪ ಉಬ್ಬಿರುತ್ತದೆ, ಆಗ ಒಂದರಲ್ಲಿ ಕೆತ್ತನೆ ಆಳ, ಇನ್ನೊಂದರಲ್ಲಿ ತೇಲು. ಅಂಥ ದಿನ ನಾವು ಒಂದೇ ಹೆಡ್‌ನಲ್ಲಿ ಒಂದೊಂದಾಗಿ ತೆಗೆಯುತ್ತೇವೆ.