ಬಗ್ಗದೆ ಹಿಗ್ಗಿ ಕುಗ್ಗುವ ಬ್ರೇಸ್: ಓಕ್ಲೆಂಡ್‌ನ ಹಳೇ ಕಟ್ಟಡದಲ್ಲಿ ನಮ್ಮ ಅನುಭವ

ನಾನು ದಾವಣಗೆರೆಯವಳು. ಈಗ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಹಳೇ ಕಟ್ಟಡಗಳನ್ನು ಭೂಕಂಪಕ್ಕೆ ಗಟ್ಟಿ ಮಾಡುವ ಸ್ಟ್ರಕ್ಚರಲ್ ಎಂಜಿನಿಯರ್. ಮೂರು ವರ್ಷದ ಹಿಂದೆ ಇಲ್ಲಿನ ಒಂದು ಆಫೀಸ್ ಕಟ್ಟಡಕ್ಕೆ 24 ಬಿಆರ್‌ಬಿ ಹಾಕಿಸಿದೆವು. ಬಕ್ಲಿಂಗ್ ರಿಸ್ಟ್ರೇನ್ಡ್ ಬ್ರೇಸ್ ಅಂತ ಪೂರ್ತಿ ಹೆಸರು, ಅಂದರೆ ಬಗ್ಗದಂತೆ ಹಿಡಿದಿಟ್ಟ ಬ್ರೇಸ್. ಕಟ್ಟಡ 1962ರದ್ದು, ನಾಲ್ಕು ಅಂತಸ್ತು, ಉಕ್ಕಿನ ಚೌಕಟ್ಟು. ಭೂಕಂಪ ಹುಟ್ಟಿಸುವ ಹೇವರ್ಡ್ ಎಂಬ ನೆಲದ ಬಿರುಕು ಊರಿನ ಗುಡ್ಡದ ಬುಡದಲ್ಲೇ ಹಾದುಹೋಗುತ್ತದೆ. 1868ರಲ್ಲಿ ಅದು ಜೋರಾಗಿ ಅಲುಗಿತ್ತು.

ಕಟ್ಟಡದ ಚೌಕಟ್ಟಿನಲ್ಲಿ ಓರೆಯಾಗಿ ಕೂರಿಸುವ ಉಕ್ಕಿನ ತೊಲೆಯೇ ಬ್ರೇಸ್. ಮಾಮೂಲಿ ಬ್ರೇಸನ್ನು ಎಳೆದರೆ ತಡೆಯುತ್ತದೆ, ಒತ್ತಿದರೆ ನಡುವೆ ಬಗ್ಗಿಬಿಡುತ್ತದೆ. ಹಂಚಿಕಡ್ಡಿಯನ್ನು ಎರಡೂ ತುದಿಯಿಂದ ಒತ್ತಿ ನೋಡಿ, ಹಾಗೇ. ಭೂಕಂಪ ಒಂದೇ ಸಲ ತಳ್ಳಿ ಸುಮ್ಮನಾಗುವುದಿಲ್ಲ. ಹಿಂದೆ ಮುಂದೆ ತೂಗುತ್ತದೆ. ಬಗ್ಗಿದ ಜಾಗದಲ್ಲೇ ಮತ್ತೆ ಮತ್ತೆ ಬಗ್ಗಿ ಬ್ರೇಸ್ ಹರಿಯುತ್ತದೆ.

ಬಿಆರ್‌ಬಿ ಒಳಗೆ ಮೆತ್ತನೆ ಗುಣದ ಉಕ್ಕಿನ ಒಂದು ಪಟ್ಟಿ ಇರುತ್ತದೆ. ಅದೇ ಕೋರ್. ಅದರ ಸುತ್ತ ಜಾರುವಂಥ ಒಂದು ತೆಳು ಪದರ, ಆಮೇಲೆ ಗಾರೆ, ಹೊರಗೆ ಚೌಕದ ಉಕ್ಕಿನ ಕೊಳವೆ. ಕೊಳವೆ ಭಾರ ಹೊರುವುದಿಲ್ಲ. ಕೋರ್ ಪಕ್ಕಕ್ಕೆ ಬಾಗದಂತೆ ಹಿಡಿದುಕೊಳ್ಳುತ್ತದೆ, ಅಷ್ಟೇ. ಬಾಗಲು ಜಾಗವಿಲ್ಲದ ಕೋರ್ ಎಳೆದಾಗ ಹಿಗ್ಗುತ್ತದೆ, ಒತ್ತಿದಾಗ ಕುಗ್ಗುತ್ತದೆ. ಕಂಬಿ ಕಟ್ಟುವ ಬೈಂಡಿಂಗ್ ವೈರನ್ನು ಹತ್ತು ಸಲ ಹಿಂದೆ ಮುಂದೆ ಬಗ್ಗಿಸಿದರೆ ಬೆರಳಿಗೆ ಬಿಸಿ ತಾಗುತ್ತದಲ್ವಾ? ಕೋರ್ ಕೂಡ ಅಲುಗಾಟದ ಶಕ್ತಿಯನ್ನು ಹಾಗೇ ಬಿಸಿಯಾಗಿ ಕರಗಿಸುತ್ತದೆ. ಪರೀಕ್ಷೆಯೂ ಕಠಿಣ. ಉಕ್ಕು ಮೊದಲು ಸೋಲುವಾಗ, ಅಂದರೆ ಮರಳಿ ಮೊದಲಿನ ಅಳತೆಗೆ ಬಾರದ ಹಂತ ಮುಟ್ಟುವಾಗ, ಎಷ್ಟು ಹಿಗ್ಗುತ್ತದೋ ಅದರ 200 ಪಟ್ಟು ಹಿಗ್ಗಾಟ ಕುಗ್ಗಾಟವನ್ನು ಒಟ್ಟು ಲೆಕ್ಕದಲ್ಲಿ ತಾಳಲೇಬೇಕು.

1980ರ ದಶಕದಲ್ಲಿ ಜಪಾನಿನವರು ಇದನ್ನು ಬಳಕೆಗೆ ತಂದರು. ಅಮೆರಿಕದಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ಕಟ್ಟಡಕ್ಕೆ ಮೊದಲು ಹಾಕಿದರು.

ನನಗೆ ತುಂಬ ಹಿಡಿಸಿದ್ದು ಇದರ ಅಳತೆಯ ಬಿಗಿ. ಎಷ್ಟು ಬಲ ಬೇಕೋ ಅಷ್ಟೇ ಅಗಲದ ಕೋರ್ ಕತ್ತರಿಸಿ ಕೊಡುತ್ತಾರೆ. ಮಾಮೂಲಿ ಬ್ರೇಸಿನಲ್ಲಿ ಬಗ್ಗದಿರಲಿ ಅಂತ ದಪ್ಪ ಕೊಳವೆ ಹಾಕುತ್ತೇವೆ. ಆಗ ಎಳೆತದಲ್ಲಿ ಅದರ ಬಲ ಬೇಕಾದ್ದಕ್ಕಿಂತ ಜಾಸ್ತಿಯಾಗುತ್ತದೆ. ಆ ಬಲವನ್ನೆಲ್ಲ ಕಂಬ, ಬ್ರೇಸನ್ನು ಚೌಕಟ್ಟಿಗೆ ಜೋಡಿಸುವ ಉಕ್ಕಿನ ಹಲಗೆ (ಗಸೆಟ್ ಪ್ಲೇಟ್), ಪಾಯ ಹೊರಬೇಕು. ಹಳೇ ಕಟ್ಟಡದಲ್ಲಿ ಪಾಯ ಅಗೆಯುವುದೇ ದೊಡ್ಡ ಖರ್ಚು. ನಮ್ಮ ಲೆಕ್ಕದಲ್ಲಿ ಬ್ರೇಸಿಗೆ ದುಡ್ಡು ಜಾಸ್ತಿ ಹೋಯಿತು, ಆದರೆ ಪಾಯದ ಕೆಲಸ ಎರಡು ಮೂಲೆಗಳಲ್ಲಿ ಮುಗಿಯಿತು.

ತೊಂದರೆ ಬಂದದ್ದು ಕೂರಿಸುವಾಗ. ಒಂದೊಂದು ಬ್ರೇಸ್ 20 ಅಡಿ ಉದ್ದ, ಮುಕ್ಕಾಲು ಟನ್ ತೂಕ. ಕಿಟಕಿ ಬಿಚ್ಚಿ ಒಳಗೆ ತಂದು, ಚೈನ್ ಪುಲ್ಲಿ ಕಟ್ಟಿ ಎತ್ತಬೇಕು. ಉದ್ದವಾದರೆ ಸೈಟಿನಲ್ಲಿ ಕತ್ತರಿಸುವ ಹಾಗಿಲ್ಲ. ಕಾರ್ಖಾನೆಯಿಂದ ಬಂದ ಅಳತೆಯೇ ಅಳತೆ. ಎರಡನೇ ಮಹಡಿಯ ಒಂದು ಕಂಬ ಡ್ರಾಯಿಂಗ್‌ನಲ್ಲಿ ಇದ್ದ ಜಾಗಕ್ಕಿಂತ ಮುಕ್ಕಾಲು ಇಂಚು ಆಚೆ ಇತ್ತು. ಅಳತೆಗೆ ಬಂದವರು ಆ ಕಂಬವನ್ನು ಅಳೆಯದೆ ಹಳೇ ಡ್ರಾಯಿಂಗ್ ನಂಬಿದ್ದರು. ಬೋಲ್ಟಿನ ತೂತುಗಳು ಕೂಡಲಿಲ್ಲ. ಬ್ರೇಸನ್ನು ಮುಟ್ಟದೆ ಗಸೆಟ್ ಪ್ಲೇಟನ್ನೇ ಬಿಚ್ಚಿ ಹೊಸದು ಮಾಡಿಸಿದೆವು. ಹನ್ನೊಂದು ದಿನ ಹೋಯಿತು. ಆಮೇಲಿನ ಎಲ್ಲ ಕೆಲಸಗಳಲ್ಲೂ ಗೋಡೆಯ ಪ್ಲಾಸ್ಟರ್ ಒಡೆಸಿ, ಪ್ರತಿ ಕಂಬ ಅಳೆಸಿ, ಆಮೇಲೇ ಆರ್ಡರ್ ಕೊಡುತ್ತಿದ್ದೇನೆ.

"ಭೂಕಂಪ ಆದ ಮೇಲೆ ಕಟ್ಟಡ ಮೊದಲಿನ ಹಾಗೇ ಇರುತ್ತಾ?" ಅಂತ ಕಟ್ಟಡದ ಯಜಮಾನರು ಕೇಳಿದರು. ಬೀಳದ ಹಾಗೆ ಮಾಡಿದ್ದೇವೆ, ಆದರೆ ನೆಟ್ಟಗೆ ನಿಲ್ಲುತ್ತದೆ ಅಂತ ಮಾತು ಕೊಡಲಾರೆ ಅಂದೆ. ಹಿಗ್ಗಿದ ಉಕ್ಕು ತಾನಾಗಿ ಹಿಂದಕ್ಕೆ ಬರುವುದಿಲ್ಲ. ದೊಡ್ಡ ಅಲುಗಾಟದ ನಂತರ ಕಟ್ಟಡ ಸ್ವಲ್ಪ ವಾಲಿಯೇ ಉಳಿಯಬಹುದು. ಬಿಆರ್‌ಬಿಯ ದೊಡ್ಡ ಕೊರತೆ ಇದೇ. ಮರುದಿನವೇ ಬಾಗಿಲು ತೆರೆಯಬೇಕಾದ ಆಸ್ಪತ್ರೆಗೆ ಇದೊಂದನ್ನೇ ನಂಬಿ ಅಂತ ನಾನು ಹೇಳುವುದಿಲ್ಲ. ಆಫೀಸಿಗೆ, ಶಾಲೆಗೆ, ಮನೆಗಳಿರುವ ಕಟ್ಟಡಕ್ಕೆ ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ಮಾತು ತಯಾರಕರಿಗೆ. ಕೋರ್ ಒಳಗೆ ಮುಚ್ಚಿಹೋಗಿರುತ್ತದೆ. ಅದು ಎಷ್ಟು ಸವೆದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಅತಿ ಹೆಚ್ಚು ಎಷ್ಟು ಜಾರಿತ್ತು ಅಂತ ಗೀರು ಹಾಕಿಡುವ ಒಂದು ಮುಳ್ಳನ್ನು ಪ್ರತಿ ಬ್ರೇಸಿಗೂ ಸೇರಿಸಿಯೇ ಮಾರಬೇಕು. ನಮ್ಮವಕ್ಕೆ ಅದು ಇರಲಿಲ್ಲ. ಕೋರ್ ಕೊಳವೆಯಿಂದ ಹೊರಬರುವ ತುದಿಯಲ್ಲಿ ನಾನೇ ಕೆಂಪು ಪೇಂಟಿನಿಂದ ಗೆರೆ ಎಳೆದೆ, 24ಕ್ಕೂ. ವರ್ಷಕ್ಕೊಮ್ಮೆ ಹೋಗಿ ಅಳೆಯುತ್ತೇನೆ. ಈ ಸಲವೂ ಎಲ್ಲ ಗೆರೆ ಇದ್ದಲ್ಲೇ ಇದ್ದವು.