ಆರ್.ಇ.ಎಂ. ತಂಡದ 15 ಆಲ್ಬಮ್‌ಗಳು: ಗಾಯಕನ ಧ್ವನಿ ನಿಂತ ಜಾಗವನ್ನು ಹಿಡಿದು ಒಂದು ಹೋಲಿಕೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಏಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1980ರಲ್ಲಿ ಕೂಡಿಕೊಂಡ ಆರ್.ಇ.ಎಂ. ತಂಡವು 1983ರಿಂದ 2011ರವರೆಗೆ 15 ಸ್ಟುಡಿಯೋ ಆಲ್ಬಮ್‌ಗಳನ್ನು ಹೊರತಂದು, 2011ರ ಸೆಪ್ಟೆಂಬರಿನಲ್ಲಿ ತಾನಾಗಿಯೇ ಕೆಲಸ ನಿಲ್ಲಿಸಿತು. ಇಂದು ಪರ್ಯಾಯ ರಾಕ್ ಎಂದು ಕರೆಯುವ ಸಂಗೀತವು ಕಾಲೇಜು ರೇಡಿಯೋಗಳಿಂದ ಹೊರಟು ದೊಡ್ಡ ಕ್ರೀಡಾಂಗಣಗಳನ್ನು ಮುಟ್ಟಿದ ದಾರಿಯನ್ನು ಈ ಆಲ್ಬಮ್‌ಗಳಲ್ಲಿಯೇ ಕೇಳಬಹುದು. ಹೊಸದಾಗಿ ಕೇಳಲು ಹೊರಟವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡೇ: ಮೊದಲನೆಯದಾದ ‘ಮರ್ಮರ್’ ಕೇಳಿ, ಇಲ್ಲವೇ ಜಗತ್ತೆಲ್ಲ ಕೇಳಿದ ‘ಆಟೊಮ್ಯಾಟಿಕ್ ಫಾರ್ ದ ಪೀಪಲ್’ ಕೇಳಿ. ಎಲ್ಲ ಆಲ್ಬಮ್‌ಗಳನ್ನೂ ಒಂದೇ ಹೆಡ್‌ಫೋನಿನಲ್ಲಿ, ಸದ್ದಿನ ಮಟ್ಟವನ್ನು ಬದಲಿಸದೆ, ಮೊದಲು ಬಿಡುಗಡೆಯ ಕ್ರಮದಲ್ಲಿಯೂ ಆಮೇಲೆ ಎರಡೆರಡನ್ನು ಅಕ್ಕಪಕ್ಕ ಇಟ್ಟುಕೊಂಡೂ ಕೇಳಿದ ನಾನು ಈ ಎರಡೂ ಸಲಹೆಗಳಿಗೆ ಹೊರತಾದ ಒಂದು ನಿರ್ಣಯಕ್ಕೆ ಬಂದಿದ್ದೇನೆ.

ನಾನು ಹಿಡಿದ ಅಳತೆಗೋಲು ಒಂದೇ. ಗಾಯಕ ಮೈಕಲ್ ಸ್ಟೈಪ್ ಅವರ ಧ್ವನಿಯು ಗಿಟಾರ್ ನುಡಿಸುವ ಪೀಟರ್ ಬಕ್, ಬೇಸ್ ಗಿಟಾರಿನ ಮೈಕ್ ಮಿಲ್ಸ್ ಮತ್ತು ಡ್ರಮ್ಸ್‌ನ ಬಿಲ್ ಬೆರಿ ಈ ಮೂವರ ನಡುವೆ ಎಲ್ಲಿ ನಿಂತಿದೆ ಎಂಬುದನ್ನು ನೋಡಿದರೆ, ಆಯಾ ಆಲ್ಬಮ್ಮಿನ ಬಲ ಮತ್ತು ಕೊರತೆ ಎರಡೂ ತಿಳಿಯುತ್ತವೆ ಎಂಬುದು ನನ್ನ ಅನುಭವ. ಹಾಡಿನ ಸಾಹಿತ್ಯ ಬರೆಯುತ್ತಿದ್ದವರು ಸ್ಟೈಪ್ ಆದರೂ ರಚನೆಯ ಶ್ರೇಯವನ್ನು ನಾಲ್ವರೂ ಸಮನಾಗಿ ಹಂಚಿಕೊಂಡರು; ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಹಾಕಿದ್ದರಿಂದ ಡ್ರಮ್ಸ್ ನುಡಿಸುವವನ ಹೆಸರೇ ಮೊದಲು ಬರುತ್ತಿತ್ತು. ಈ ಸಮಾನತೆ ಕಾಗದದ ಮೇಲಿನದು ಮಾತ್ರವಲ್ಲ, ಕಿವಿಗೂ ಕೇಳುವಂಥದ್ದು. ಸಾಹಿತ್ಯವು ಮುಂದೆ ನಡೆದು ವಾದ್ಯಗಳು ಅದರ ಹಿಂದೆ ಬರುವ ಸುಗಮ ಸಂಗೀತವನ್ನು ಕೇಳಿ ಬೆಳೆದ ನನಗೆ, ಪದಗಳು ಸ್ಪಷ್ಟವಾಗಿ ಕೇಳದ ಹಾಡು ಏಕೆ ಇಷ್ಟು ಹಿಡಿಸುತ್ತದೆ ಎಂಬ ಪ್ರಶ್ನೆಯೇ ಈ ಹೋಲಿಕೆಗೆ ಮೂಲ.

‘ಮರ್ಮರ್’ 1983ರ ಏಪ್ರಿಲಿನಲ್ಲಿ ಬಂದಿತು. ಇದಕ್ಕೆ ಮೊದಲು ಬೇರೊಬ್ಬ ನಿರ್ಮಾಪಕರೊಂದಿಗೆ ಮಾಡಿದ ಪ್ರಯತ್ನದಲ್ಲಿ ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಬೇಕಾಗಿ ಬಂದು, ಕೊನೆಗೆ ತಮ್ಮ ಅರಿವಿಗೆ ಬಾರದೆ ಕೀಬೋರ್ಡ್ ಸೇರಿದ್ದನ್ನು ಕಂಡು ಬೇಸತ್ತಿದ್ದ ತಂಡವು, ಮಿಚ್ ಈಸ್ಟರ್ ಮತ್ತು ಡಾನ್ ಡಿಕ್ಸನ್ ಅವರೊಂದಿಗೆ ಉತ್ತರ ಕ್ಯಾರೊಲಿನಾದ ಶಾರ್ಲಟ್ ನಗರದ ಸ್ಟುಡಿಯೋ ಒಂದಕ್ಕೆ ಹೋಯಿತು. ಗಿಟಾರಿನ ಏಕವಾದನ ಬೇಡ, ಆಗ ಎಲ್ಲೆಡೆ ಹಬ್ಬಿದ್ದ ಸಿಂಥಸೈಜರ್ ಬೇಡ ಎಂಬುದು ಅವರ ನಿಲುವಾಗಿತ್ತು. ಫಲವಾಗಿ ಇಲ್ಲಿ ಬಕ್ ಅವರ ಗಿಟಾರ್ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗುತ್ತದೆ, ರಾಗದ ಮುಖ್ಯ ಎಳೆಯನ್ನು ಬಹಳ ಕಡೆ ಮಿಲ್ಸ್ ಅವರ ಬೇಸ್ ಹಿಡಿಯುತ್ತದೆ, ಸ್ಟೈಪ್ ಅವರ ಧ್ವನಿ ಇವೆರಡರ ಒಳಗೆ ಅರ್ಧ ಮುಳುಗಿ ಇನ್ನೊಂದು ವಾದ್ಯವಾಗಿಬಿಡುತ್ತದೆ. ‘ಪರ್ಫೆಕ್ಟ್ ಸರ್ಕಲ್’ ಹಾಡಿನಲ್ಲಿ ಬೆರಿ ಮತ್ತು ಮಿಲ್ಸ್ ಕೂಡಿ ನುಡಿಸಿದ ಎರಡು ಪಿಯಾನೋಗಳ ನಾದ ಒಂದರ ಮೇಲೊಂದು ಕೂರುವಲ್ಲಿ ಉಂಟಾಗುವ ಸಣ್ಣ ಅದುರನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ‘ವಿ ವಾಕ್’ ಹಾಡಿನಲ್ಲಿ ಗುಡುಗಿನಂತೆ ಕೇಳುವುದು ಬಿಲಿಯರ್ಡ್ಸ್ ಚೆಂಡುಗಳ ಸದ್ದನ್ನು ನಿಧಾನಗೊಳಿಸಿದ ಧ್ವನಿ. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ಇದನ್ನು ಆ ವರ್ಷದ ಶ್ರೇಷ್ಠ ಆಲ್ಬಮ್ ಎಂದು ಆರಿಸಿದರು. ಅದು ನ್ಯಾಯವಾದ ಆಯ್ಕೆಯೆಂದೇ ನನ್ನ ಭಾವನೆ.

ಇದರ ಪಕ್ಕಕ್ಕೆ 1992ರ ‘ಆಟೊಮ್ಯಾಟಿಕ್’ ಇಟ್ಟು ಕೇಳಿದಾಗ ಬೇರೆಯೇ ತಂಡವೊಂದನ್ನು ಕೇಳಿದಂತಾಗುತ್ತದೆ. ಇಲ್ಲಿ ಧ್ವನಿ ಕೇಳುಗನ ಎದುರಿಗೇ ಬಂದು ನಿಂತಿದೆ, ಒಂದೊಂದು ಪದವೂ ಸ್ಪಷ್ಟ, ಉಸಿರು ತೆಗೆದುಕೊಳ್ಳುವುದು ಕೂಡ ಕೇಳುತ್ತದೆ. ಲೆಡ್ ಜೆಪೆಲಿನ್ ತಂಡದಲ್ಲಿದ್ದ ಜಾನ್ ಪಾಲ್ ಜೋನ್ಸ್ ನಾಲ್ಕು ಹಾಡುಗಳಿಗೆ ವಾದ್ಯವೃಂದದ ಸಂಯೋಜನೆ ಮಾಡಿಕೊಟ್ಟಿದ್ದಾರೆ. ಅವುಗಳಲ್ಲಿ ‘ನೈಟ್‌ಸ್ವಿಮಿಂಗ್’ ಬಹುಪಾಲು ಮಿಲ್ಸ್ ಅವರ ಪಿಯಾನೋ ಮತ್ತು ಸ್ಟೈಪ್ ಅವರ ಗಾಯನದ ಮೇಲೆಯೇ ನಿಂತ ಹಾಡು. ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ಸಾವು, ಅಗಲಿಕೆ ಮತ್ತು ಕಳೆದ ಪ್ರಾಯವನ್ನು ಕುರಿತ ಈ 12 ಹಾಡುಗಳಿಗೆ ಧ್ವನಿಯ ಇಷ್ಟು ಸಾಮೀಪ್ಯ ಬೇಕಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಹಾಡುಗಳ ಗುಣವನ್ನಷ್ಟೇ ನೋಡಿದರೆ ತಂಡದ 15 ಆಲ್ಬಮ್‌ಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಆದರೂ ಇಲ್ಲಿ ಕೇಳುವುದು ನಾಲ್ವರ ತಂಡವಲ್ಲ. ಬೆರಿ ಅವರೇ ಮೊದಲು ಹೊಸೆದ ‘ಎವ್ರಿಬಡಿ ಹರ್ಟ್ಸ್’ ಹಾಡಿನ ಉದ್ದಕ್ಕೂ ಲಯ ಹಿಡಿದಿರುವುದು ಯಂತ್ರದ ತಾಳ. ಬಕ್ ಅವರ ಗಿಟಾರ್ ಕೂಡ ಹಲವು ಕಡೆ ಹಿಂದೆ ಸರಿದು ಜಾಗ ಬಿಟ್ಟುಕೊಟ್ಟಿದೆ. ರಾತ್ರಿ ಒಬ್ಬರೇ ಕೂತು ಕೇಳಲು ನಾನು ಆರಿಸುವುದು ಇದನ್ನೇ. ತಂಡ ಎಂದರೆ ಏನು ಎಂದು ಯಾರಿಗಾದರೂ ತೋರಿಸಬೇಕಾದಾಗ ಮಾತ್ರ ‘ಮರ್ಮರ್’ ಕಡೆಗೆ ಕೈ ಹೋಗುತ್ತದೆ.

ಇವೆರಡರ ನಡುವಿನ ದಾರಿಯನ್ನು ಬೇಗ ದಾಟಬಹುದು, ಏಕೆಂದರೆ ಧ್ವನಿಯು ಹಂತಹಂತವಾಗಿ ಮುಂದೆ ಬಂದದ್ದೇ ಅಲ್ಲಿಯ ಕಥೆ. 1984ರ ‘ರೆಕನಿಂಗ್’ ಅದೇ ನಿರ್ಮಾಪಕರ ಕೈಯಲ್ಲಿ ಇನ್ನಷ್ಟು ಚುರುಕಾಗಿ ಮೂಡಿದ ಆಲ್ಬಮ್. ಲಂಡನ್ನಿನ ಚಳಿಗಾಲದಲ್ಲಿ ಜೋ ಬಾಯ್ಡ್ ಅವರೊಂದಿಗೆ ಮುದ್ರಿಸಿದ 1985ರ ‘ಫೇಬಲ್ಸ್ ಆಫ್ ದ ರಿಕನ್‌ಸ್ಟ್ರಕ್ಷನ್’ ಮಬ್ಬಾಗಿದೆ. ಅಮೆರಿಕದ ದಕ್ಷಿಣ ರಾಜ್ಯಗಳ ವಿಚಿತ್ರ ವ್ಯಕ್ತಿಗಳ ಕಥೆಗಳಿಗೆ ಆ ಮಬ್ಬು ಹೊಂದುತ್ತದೆಯಾದರೂ ಇಡಿಯಾಗಿ ಕೇಳುವಾಗ ನನಗೆ ಆಯಾಸವಾಗುತ್ತದೆ. 1986ರ ‘ಲೈಫ್ಸ್ ರಿಚ್ ಪೇಜೆಂಟ್’ ಆಲ್ಬಮ್ಮಿನಲ್ಲಿ ನಿರ್ಮಾಪಕ ಡಾನ್ ಗೇಮನ್ ಅವರು ಪದಗಳನ್ನು ಸ್ಪಷ್ಟವಾಗಿ ಉಚ್ಚರಿಸುವಂತೆ ಸ್ಟೈಪ್ ಅವರನ್ನು ಒತ್ತಾಯಿಸಿದರು. ಆ ಬದಲಾವಣೆ ಎದ್ದು ಕೇಳುತ್ತದೆ, ಜೊತೆಗೆ ಬೆರಿ ಅವರ ಡ್ರಮ್ಸ್‌ಗೂ ಮೊದಲ ಬಾರಿಗೆ ತಕ್ಕ ಗಾತ್ರ ಸಿಕ್ಕಿದೆ. ‘ಫಾಲ್ ಆನ್ ಮಿ’ ಹಾಡಿನಲ್ಲಿ ಮುಖ್ಯ ಗಾಯನದ ಬೆನ್ನಿಗೆ ಮಿಲ್ಸ್ ಮತ್ತು ಬೆರಿ ಬೇರೆ ಬೇರೆ ಸಾಲುಗಳನ್ನು ಹಾಡುತ್ತಾರೆ. ಅವು ಒಂದನ್ನೊಂದು ದಾಟಿ ಹೋಗುವ ಆ ಘಳಿಗೆ ಈ ತಂಡದ ಪರಮೋಚ್ಚ ಕ್ಷಣಗಳಲ್ಲಿ ಒಂದು. 1987ರ ‘ಡಾಕ್ಯುಮೆಂಟ್’ನಿಂದ ನಿರ್ಮಾಪಕ ಸ್ಕಾಟ್ ಲಿಟ್ ಜೊತೆಯಾದರು ಮತ್ತು ಮುಂದಿನ ಐದು ಆಲ್ಬಮ್‌ಗಳೂ ಅವರ ಸಹಯೋಗದಲ್ಲಿಯೇ ಮೂಡಿದವು. ವಾರ್ನರ್ ಬ್ರದರ್ಸ್ ಕಂಪನಿಗೆ ಮಾಡಿದ ಮೊದಲ ಆಲ್ಬಮ್ಮಾದ 1988ರ ‘ಗ್ರೀನ್’ನಲ್ಲಿ ಒಂದು ಹಾಡಿನ ಸಾಹಿತ್ಯವನ್ನು ಮಾತ್ರ ಅಚ್ಚು ಹಾಕಲಾಗಿತ್ತು.

1991ರ ‘ಔಟ್ ಆಫ್ ಟೈಮ್’ ಕುರಿತು ನನ್ನ ಅಭಿಪ್ರಾಯ ಬಹುಮತಕ್ಕಿಂತ ಬೇರೆ. ನಮ್ಮಲ್ಲಿ ಹೆಚ್ಚಿನವರು ಈ ತಂಡವನ್ನು ಬಲ್ಲದ್ದು ಇದರ ‘ಲೂಸಿಂಗ್ ಮೈ ರಿಲಿಜನ್’ ಹಾಡಿನಿಂದ, ಅದರಲ್ಲಿಯೂ ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್ ನಿರ್ದೇಶಿಸಿದ ಅದರ ವಿಡಿಯೋದಿಂದ. ಬಕ್ ಆಗಷ್ಟೇ ಕಲಿಯುತ್ತಿದ್ದ ಮ್ಯಾಂಡೊಲಿನ್ ಮೇಲೆ ಹುಟ್ಟಿದ ಆ ಹಾಡು ಅಮೆರಿಕದ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೆ ಏರಿತು. ಅದೂ ‘ಕಂಟ್ರಿ ಫೀಡ್‌ಬ್ಯಾಕ್’ ಹಾಡೂ ಅಸಾಧಾರಣವಾದವು. ಉಳಿದವುಗಳಲ್ಲಿ ಅತಿಥಿ ಗಾಯಕರು, ತಂತಿವಾದ್ಯಗಳು, ಹಗುರ ಹಾಡುಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಕೇಳಿದವರಿಗೆ ಎರಡು ಹಾಡುಗಳನ್ನು ಕೊಟ್ಟು, ಆಲ್ಬಮ್ಮನ್ನು ಆಮೇಲೆ ಕೇಳಬಹುದು ಎಂದು ನಾನು ಹೇಳುತ್ತೇನೆ.

ಅಳತೆಗೋಲಿಗೆ ಅತ್ಯುತ್ತಮ ಪರೀಕ್ಷೆ ಒದಗಿಸಿದ್ದು 1994ರ ‘ಮಾನ್‌ಸ್ಟರ್’, ಏಕೆಂದರೆ ಇದು ಎರಡು ರೂಪಗಳಲ್ಲಿ ದೊರೆಯುತ್ತದೆ. ಮೂಲ ರೂಪದಲ್ಲಿ ಬಕ್ ಅವರ ಗಡಸು ಗಿಟಾರ್ ಎಲ್ಲದರ ಮುಂದೆ ನಿಂತು, ಧ್ವನಿ ಅದರ ಹಿಂದೆ ಹೂತುಹೋಗಿದೆ. 25 ವರ್ಷಗಳ ತರುವಾಯ, 2019ರ ಆವೃತ್ತಿಗಾಗಿ, ಮೂಲ ಮಿಶ್ರಣದ, ಎಂದರೆ ಧ್ವನಿ ಮತ್ತು ವಾದ್ಯಗಳ ಸದ್ದನ್ನು ಹದವಾಗಿ ಸೇರಿಸಿದ ರೀತಿಯ, ಬಗ್ಗೆ ಸಮಾಧಾನವಿಲ್ಲದಿದ್ದ ಸ್ಕಾಟ್ ಲಿಟ್ ಅವರೇ ಇಡೀ ಆಲ್ಬಮ್ಮನ್ನು ಹೊಸದಾಗಿ ಮಿಶ್ರಣ ಮಾಡಿ ಧ್ವನಿಯನ್ನು ಮುಂದೆ ತಂದರು, ಗಿಟಾರಿನ ಅಬ್ಬರವನ್ನು ತಗ್ಗಿಸಿದರು. ಒಂದೊಂದು ಹಾಡನ್ನೂ ಮೊದಲು ಹಳೆಯದರಲ್ಲಿ, ಕೂಡಲೇ ಹೊಸದರಲ್ಲಿ ಕೇಳುತ್ತಾ ಹೋದೆ. ಹೊಸ ಮಿಶ್ರಣದಲ್ಲಿ ಸಾಹಿತ್ಯದ ಎಷ್ಟೋ ಸಾಲುಗಳು ಮೊದಲ ಬಾರಿಗೆ ಸ್ಪಷ್ಟವಾದವು. ‘ಸ್ಟ್ರೇಂಜ್ ಕರೆನ್ಸೀಸ್’ನಂಥ ನಿಧಾನ ಹಾಡಿಗೆ ಅದರಿಂದ ಲಾಭವೇ ಆಗಿದೆ. ಆದರೆ ಆ ವರ್ಷದ ಏಪ್ರಿಲಿನಲ್ಲಿ ತೀರಿಕೊಂಡ, ನಿರ್ವಾಣ ತಂಡದ ಗಾಯಕ ಕರ್ಟ್ ಕೊಬೇನ್ ಅವರನ್ನು ನೆನೆದು ಬರೆದ ‘ಲೆಟ್ ಮಿ ಇನ್’ ಹಾಡನ್ನು ಮೂಲದಲ್ಲಿಯೇ ಕೇಳಬೇಕು. ಒಳಗೆ ಬಿಟ್ಟುಕೊಳ್ಳಿ ಎಂದು ಬೇಡುವ ಧ್ವನಿಯು ಗಿಟಾರಿನ ಗದ್ದಲವನ್ನು ತಳ್ಳಿಕೊಂಡು ಬರಲಾರದೆ ಸೋಲುವುದರಲ್ಲಿಯೇ ಆ ಹಾಡಿನ ದುಃಖವಿದೆ. ಧ್ವನಿ ಸುಲಭವಾಗಿ ಕೇಳಿಬಿಟ್ಟರೆ ಬೇಡಿಕೆಗೆ ಕಾರಣವೇ ಉಳಿಯುವುದಿಲ್ಲ. ಹೀಗಾಗಿ ಎರಡೂ ರೂಪಗಳನ್ನು ಇಟ್ಟುಕೊಳ್ಳಬೇಕು. ಒಂದೇ ಸಾಕು ಎನ್ನುವವರಿಗೆ 1994ರದ್ದೇ ಸರಿ.

ನಾನು ಎಲ್ಲಕ್ಕಿಂತ ಮೇಲೆ ಇಡುವುದು 1996ರ ‘ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ’. ಎರಡು ಆಲ್ಬಮ್‌ಗಳ ಕಾಲ ಪ್ರವಾಸವನ್ನೇ ಮಾಡದಿದ್ದ ತಂಡವು 1995ರಲ್ಲಿ ಮತ್ತೆ ಊರೂರು ಸುತ್ತಲು ಹೊರಟಿತು. ಮಾರ್ಚ್ 1ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೇದಿಕೆಯ ಮೇಲೆ ಬೆರಿ ಮಿದುಳಿನ ರಕ್ತನಾಳದ ಊತದಿಂದ ಕುಸಿದರು. ಶಸ್ತ್ರಚಿಕಿತ್ಸೆಯ ನಂತರ ಅವರು ಮರಳಿದರು, ಆದರೆ ಅದೇ ಪ್ರವಾಸದಲ್ಲಿ ಮಿಲ್ಸ್ ಮತ್ತು ಸ್ಟೈಪ್ ಕೂಡ ಆಸ್ಪತ್ರೆ ಸೇರಬೇಕಾಯಿತು. ಅಂಥ ವರ್ಷದ ಕಛೇರಿಗಳಲ್ಲಿ, ಕಛೇರಿಗೆ ಮುಂಚಿನ ಧ್ವನಿಪರೀಕ್ಷೆಗಳಲ್ಲಿ, ಒಂದು ಹಾಡನ್ನಂತೂ ವೇದಿಕೆಯ ಹಿಂದಿನ ಕೋಣೆಯಲ್ಲಿ ಮುದ್ರಿಸಿಕೊಂಡು, ಕೆಲವನ್ನು ಮಾತ್ರ ಸಿಯಾಟಲ್‌ನ ಸ್ಟುಡಿಯೋದಲ್ಲಿ ಮಾಡಿ, 14 ಹಾಡುಗಳ ಈ ಆಲ್ಬಮ್ಮನ್ನು ಕಟ್ಟಿದರು. ಗಂಟೆಗೂ ಮೀರಿದ ಅವಧಿಯ ಇದು ಅವರ ಅತಿ ಉದ್ದದ ಆಲ್ಬಮ್. ಧ್ವನಿ ಇಲ್ಲಿ ಮುಳುಗಿಯೂ ಇಲ್ಲ, ಕೇಳುಗನ ಮೇಲೆ ಬಾಗಿಯೂ ಇಲ್ಲ. ನಾಲ್ವರು ಒಂದೇ ವೇದಿಕೆಯ ಮೇಲೆ ಇದ್ದಷ್ಟೇ ದೂರದಲ್ಲಿ ಅದೂ ಇದೆ. ಏಳು ನಿಮಿಷ ದಾಟುವ ‘ಲೀವ್’ ಹಾಡಿನ ಉದ್ದಕ್ಕೂ ಸೈರನ್ ಮಾದರಿಯ ಸದ್ದೊಂದು ಕೂಗುತ್ತಲೇ ಇರುತ್ತದೆ. ಅದರ ಅಡಿಯಲ್ಲಿ ಬೆರಿ ಹಿಡಿದ ಲಯ ಒಂದಿಷ್ಟೂ ಅಲುಗುವುದಿಲ್ಲ, ಮೇಲೆ ಸ್ಟೈಪ್ ಅವರ ಗಾಯನ ಆ ಸದ್ದಿನೊಂದಿಗೆ ಸೆಣಸಿ ಸಮನಾಗಿ ನಿಲ್ಲುತ್ತದೆ. ‘ಇ-ಬೋ ದ ಲೆಟರ್’ ಹಾಡಿನಲ್ಲಿ ಪ್ಯಾಟಿ ಸ್ಮಿತ್ ಅವರ ಕಂಠ ಜೊತೆಗೂಡುತ್ತದೆ. ಸ್ಟೈಪ್ ಅವರಿಗೆ ಹದಿಹರೆಯದಲ್ಲಿ ಸಂಗೀತದ ದಾರಿ ತೋರಿದ್ದು ಆಕೆಯ ಹಾಡುಗಳೇ ಎಂಬುದನ್ನು ತಿಳಿದು ಕೇಳಿದರೆ ಆ ಜೋಡಿ ಗಾಯನದ ತೂಕ ಇನ್ನಷ್ಟು ಹೆಚ್ಚುತ್ತದೆ. ಅಮೆರಿಕದಲ್ಲಿ ಇದರ ಮಾರಾಟ ಹಿಂದಿನ ಮೂರು ಆಲ್ಬಮ್‌ಗಳಿಗಿಂತ ಬಹಳ ಕಡಿಮೆಯಾಯಿತು. ‘ಮರ್ಮರ್’ನ ಸಮಾನತೆ, ‘ಆಟೊಮ್ಯಾಟಿಕ್’ನ ಸ್ಪಷ್ಟತೆ ಎರಡೂ ಒಟ್ಟಿಗೆ ಸಿಗುವ ಜಾಗ ನನ್ನ ಮಟ್ಟಿಗೆ ಇದೊಂದೇ. ಹೊಸ ಕೇಳುಗರು ಇಲ್ಲಿಂದಲೇ ಆರಂಭಿಸಬೇಕು.

1997ರ ಅಕ್ಟೋಬರಿನಲ್ಲಿ ಬೆರಿ ತಂಡವನ್ನು ಬಿಟ್ಟರು. ಆಮೇಲಿನ ಐದು ಆಲ್ಬಮ್‌ಗಳಲ್ಲಿ 2001ರ ‘ರಿವೀಲ್’ ಹಿತವಾಗಿದೆ, ಆದರೆ ಬೇಗ ಮರೆತುಹೋಗುತ್ತದೆ. 2004ರ ‘ಅರೌಂಡ್ ದ ಸನ್’ ಅತ್ಯಂತ ದುರ್ಬಲ: ಧ್ವನಿ ಮುಂದಿದೆ, ಅದರ ಹಿಂದೆ ಯಾರೂ ಇಲ್ಲ, ಬಕ್ ಅವರೇ ಮುಂದೆ ಅದರ ಬಗ್ಗೆ ಬಹಿರಂಗವಾಗಿ ಅತೃಪ್ತಿ ಹೇಳಿಕೊಂಡರು. ಅದಕ್ಕೆ ಉತ್ತರವೆಂಬಂತೆ ಬಂದ 2008ರ ‘ಆ್ಯಕ್ಸಿಲರೇಟ್’ 35 ನಿಮಿಷವೂ ತುಂಬದ ವೇಗದ ಆಲ್ಬಮ್. ತಂಡವು ತನ್ನ ಹಳೆಯ ಬಲಕ್ಕೆ ಮರಳಿತೆಂದು ಹಲವರು ಅದನ್ನು ಹೊಗಳಿದರು, 2011ರ ‘ಕೊಲ್ಯಾಪ್ಸ್ ಇನ್‌ಟು ನೌ’ ಅದೇ ಹುರುಪಿನಲ್ಲಿ ಮುಗಿಯಿತು. ಆದರೆ ಇವೆರಡನ್ನೂ 1998ರ ‘ಅಪ್’ ಎದುರಿಗೆ ಇಟ್ಟಾಗ ನಾನು ಆರಿಸುವುದು ‘ಅಪ್’ ಅನ್ನೇ. ‘ಆ್ಯಕ್ಸಿಲರೇಟ್’ ಬೇರೊಬ್ಬ ಡ್ರಮ್ಸ್ ವಾದಕನನ್ನು ಕೂರಿಸಿಕೊಂಡು ನಾಲ್ವರಿದ್ದಾಗಿನ ಸದ್ದನ್ನು ಮತ್ತೆ ಕಟ್ಟಲು ನೋಡುತ್ತದೆ. ‘ಅಪ್’ ಹಾಗೆ ಮಾಡುವುದಿಲ್ಲ. ಅದರ ಬಹಳಷ್ಟು ಹಾಡುಗಳಲ್ಲಿ ಯಂತ್ರದ ತಾಳ ಮೆಲ್ಲಗೆ ಮಿಡಿಯುತ್ತದೆ, ಕೀಬೋರ್ಡುಗಳು ಗಿಟಾರಿನ ಜಾಗದಲ್ಲಿ ಬಂದು ಕೂರುತ್ತವೆ, ಹೋದವನ ಸ್ಥಾನವನ್ನು ತುಂಬುವ ಪ್ರಯತ್ನವೇ ಇಲ್ಲ. ತಂಡವು ಇಡೀ ಆಲ್ಬಮ್ಮಿನ ಸಾಹಿತ್ಯವನ್ನು ಅಚ್ಚು ಹಾಕಿ ಕೇಳುಗರ ಕೈಗೆ ಕೊಟ್ಟದ್ದೂ ಇದೇ ಮೊದಲು. ಉದ್ದ ಹೆಚ್ಚಾಯಿತು, ನಡುವೆ ಕೆಲವು ಹಾಡುಗಳು ತೆವಳುತ್ತವೆ, ಆದರೂ ಉಳಿದ ಮೂವರು ತಮ್ಮ ಸ್ಥಿತಿಯನ್ನು ಮರೆಮಾಚದೆ ನುಡಿಸಿದ ಈ ಆಲ್ಬಮ್ಮಿಗೆ ನನ್ನ ಕ್ರಮದಲ್ಲಿ ‘ನ್ಯೂ ಅಡ್ವೆಂಚರ್ಸ್’, ‘ಮರ್ಮರ್’, ‘ಆಟೊಮ್ಯಾಟಿಕ್’ ಮತ್ತು ‘ಲೈಫ್ಸ್ ರಿಚ್ ಪೇಜೆಂಟ್’ ಆದ ಕೂಡಲೇ ಐದನೆಯ ಸ್ಥಾನ.